ಒಂದು ಬೆಟ್ಟ ಚಕ್ರಕ್ಕಿರಲಿ, ಒಂದು ಕಾಲಿಗಿರಲಿ

ಶುಕ್ರವಾರ ಸಂಜೆಯಾಯಿತೆಂದರೆ ಬೆಂಗಳೂರಿನಿಂದ ಫೋನು ಶುರು. “ಆಂಟಿ, ಒಂದೇ ದಿನ ಇರೋದು. ಮಾಂದಲ್‌ಪಟ್ಟಿಗೆ ಹೋಗೋದಾ, ತಡಿಯಂಡಮೋಳ್ ಹತ್ತೋದಾ?” ಕೊಡಗಿನ ಕಕ್ಕಬ್ಬೆಯಲ್ಲಿ ಹೋಂಸ್ಟೇ ನಡೆಸುವವಳನ್ನು ಹೀಗೆ ಕೇಳುವುದೂ, ಮೀನು ಮಾರುವವಳ ಹತ್ತಿರ ಇವತ್ತು ಮೀನು ಮಾಡಲಾ ಕೋಳಿ ಮಾಡಲಾ ಎಂದು ಕೇಳುವುದೂ ಒಂದೇ. ತಡಿಯಂಡಮೋಳ್ ಹತ್ತುವವರಿಂದಲೇ ನಮ್ಮ ಕೋಣೆಗಳು ತುಂಬುವುದು. ಆದರೂ ಉತ್ತರ ಹೇಳುವ ಮೊದಲು ನಾನು ಒಂದು ಮಾತು ಕೇಳುತ್ತೇನೆ: ಜೊತೆಯಲ್ಲಿ ಯಾರ್‍ಯಾರಿದ್ದೀರಿ?

ಮಂಡಿನೋವಿನ ಹಿರಿಯರು, ಎತ್ತಿಕೊಂಡೇ ನಡೆಯಬೇಕಾದ ಮಗು ಇದ್ದರೆ ಕಣ್ಣುಮುಚ್ಚಿ ಮಾಂದಲ್‌ಪಟ್ಟಿಗೆ ಹೋಗಿ. ಮಡಿಕೇರಿಯಿಂದ ಹೊರಟರೆ ಕೊನೆಯ ಭಾಗದಲ್ಲಿ ಜೀಪು ಹತ್ತಬೇಕು. ಸೊಂಟದ ಕೀಲುಗಳೆಲ್ಲ ಎಲ್ಲೆಲ್ಲಿವೆ ಎಂದು ಆ ದಾರಿಯೇ ತಿಳಿಸಿಕೊಡುತ್ತದೆ. ಯೋಗರಾಜ ಭಟ್ಟರ ‘ಗಾಳಿಪಟ’ ಸಿನಿಮಾ 2008ರಲ್ಲಿ ಬಂದ ಮೇಲೆ ಅರ್ಧ ಕರ್ನಾಟಕಕ್ಕೆ ಮಾಂದಲ್‌ಪಟ್ಟಿಯೆಂದರೆ ಆ ಸಿನಿಮಾದ ಮುಗಿಲುಪೇಟೆ. ಚಾರಣದ ಶೂ ತೊಟ್ಟು ಬರುವ ಹುಡುಗರಲ್ಲಿ ಕೆಲವರು ಜೀಪಿನಲ್ಲಿ ಹೋಗುವವರನ್ನು ಹೀಯಾಳಿಸುವುದುಂಟು. ನನಗದು ಹಿಡಿಸುವುದಿಲ್ಲ. ಕೊಡಗಿನಲ್ಲೇ ಹುಟ್ಟಿ ಬೆಳೆದ ನಮ್ಮತ್ತೆ, ಕಾಲಿನ ಕೆಳಗೆ ಮೋಡ ಹರಿಯುವುದನ್ನು ಮೊದಲ ಸಲ ನೋಡಿದ್ದು ಅಲ್ಲಿಯೇ, ಜೀಪಿನಲ್ಲಿ ಹೋಗಿ. ಕಾಲು ಗಟ್ಟಿಯಿದ್ದ ಪ್ರಾಯದಲ್ಲಿ ಅವರಿಗೆ ತೋಟ, ಗದ್ದೆ, ಹಟ್ಟಿ ಬಿಟ್ಟು ಬೆಟ್ಟ ಹತ್ತಲು ಪುರುಸೊತ್ತು ಯಾರು ಕೊಟ್ಟಿದ್ದರು?

ಕಾಲು ಗಟ್ಟಿಯಿದ್ದವರಿಗೆ ಮಾತ್ರ ನನ್ನ ಉತ್ತರ ತಡಿಯಂಡಮೋಳ್. 1,748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ. ನಡಿಗೆ ಶುರುವಾಗುವುದು ನಾಲ್ಕುನಾಡು ಅರಮನೆಯ ಹತ್ತಿರ. ದೊಡ್ಡವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ್ದು. 1834ರಲ್ಲಿ ಬ್ರಿಟಿಷರ ಸೈನ್ಯ ಮಡಿಕೇರಿಗೆ ನುಗ್ಗಿದಾಗ ಚಿಕ್ಕವೀರರಾಜೇಂದ್ರ ಬಂದು ಸೇರಿದ್ದೂ ಇಲ್ಲಿಗೇ. ಬೆಟ್ಟದ ಅವಸರದಲ್ಲಿ ಅರಮನೆಯನ್ನು ಬಿಟ್ಟು ಹೋಗಬೇಡಿ. ಅಲ್ಲಿಂದ ಒಂದಷ್ಟು ದೂರ ತೋಟಗಳ ನಡುವೆ ರಸ್ತೆ, ಆಮೇಲೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್, ಅದಾದ ಮೇಲೆ ಕಾಲೇ ಗತಿ. ಹುಲ್ಲುಗುಡ್ಡದಲ್ಲಿ ಬಿಸಿಲು ಸುಡುತ್ತಿರುವಾಗಲೇ ದಾರಿ ಶೋಲಾ ಕಾಡಿನೊಳಗೆ ನುಗ್ಗುತ್ತದೆ, ಮೈ ತಣ್ಣಗಾಗುತ್ತದೆ. ಕೊನೆಯ ಏರು ಬಲು ಕಡಿದು. ‘ಇನ್ನು ಹತ್ತೇ ನಿಮಿಷ’ ಎಂದು ಇಳಿಯುವವರು ಹೇಳಿದರೆ ನಂಬಬೇಡಿ. ಆಕಾಶ ತಿಳಿಯಾಗಿದ್ದರೆ ಪಶ್ಚಿಮಕ್ಕೆ ದೂರದಲ್ಲಿ ಕಡಲಿನ ಗೆರೆ ಕಾಣುತ್ತದೆ. ಮಳೆಗಾಲದಲ್ಲಾದರೆ ಕಾಣುವುದು ಜಿಗಣೆ ಮಾತ್ರ, ಉಪ್ಪು ಮರೆಯದಿರಿ. ಕಾವೇರಿ ಸಂಕ್ರಮಣ ಕಳೆದು ಪುತ್ತರಿ ಬರುವವರೆಗಿನ ದಿನಗಳೇ ನನ್ನ ಪ್ರಕಾರ ಎರಡೂ ಬೆಟ್ಟಗಳಿಗೆ ಒಳ್ಳೆಯವು: ಹುಲ್ಲು ಇನ್ನೂ ಹಸಿರಾಗಿರುತ್ತದೆ, ಗಾಳಿಯಲ್ಲಿ ಧೂಳಿರುವುದಿಲ್ಲ.

ಆದರೆ ಇತ್ತೀಚೆಗೆ ಇನ್ನೊಂದು ಮಾತು ಕೇಳುತ್ತಿದ್ದೇನೆ. ಅರ್ಧಕ್ಕೆ ಹತ್ತಿ ಸುಸ್ತಾಗಿ ವಾಪಸು ಬಂದವರು ಊಟದ ಮೇಜಿನಲ್ಲಿ, “ತುದಿಯವರೆಗೆ ಒಂದು ರಸ್ತೆ ಮಾಡಿಬಿಟ್ರೆ ನಿಮ್ಮೂರಿಗೇ ಒಳ್ಳೇದಲ್ವಾ?” ಎನ್ನುತ್ತಾರೆ. ಅಕ್ಕಿ ರೊಟ್ಟಿ ಬಡಿಸುತ್ತಿರುವವಳು ಅತಿಥಿಗೆ ಏನು ಹೇಳಲಿ? ಇಲ್ಲಿ ಹೇಳುತ್ತೇನೆ: ಬೇಡ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ನೋಡಿ. 1,930 ಮೀಟರ್, ರಾಜ್ಯಕ್ಕೇ ದೊಡ್ಡ ಬೆಟ್ಟ. ಶಿಖರದ ಮೆಟ್ಟಿಲ ಬುಡದವರೆಗೆ ಕಾರು ಹೋಗುತ್ತದೆ, ಹಾಗಾಗಿ ರಜೆ ಬಂದರೆ ಮೇಲಿನ ತಿರುವುಗಳಲ್ಲಿ ಕಾರುಗಳದೇ ಸಾಲು. ವಾಹನಗಳಿಗೆ ಮಿತಿ ಹಾಕುವ ಪರಿಸ್ಥಿತಿ ಅಲ್ಲಿ ಬಂತು.

ನಡೆದು ಹೋಗುವ ಬೆಟ್ಟಕ್ಕೆ ಜನವೇ ಬರುವುದಿಲ್ಲ ಎಂದೇನೂ ಅಲ್ಲ. ಮಾಂದಲ್‌ಪಟ್ಟಿಯಿಂದ ಕಾಣುವ ಪುಷ್ಪಗಿರಿಯೇ, ಅಂದರೆ ಕುಮಾರಪರ್ವತವೇ, ಅದಕ್ಕೆ ಸಾಕ್ಷಿ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರಗಳು ಹರಿದಾಡಿ, ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೇ ನಿಲ್ಲಿಸಬೇಕಾಯಿತು. ಆದರೆ ನಡಿಗೆಯ ದಾರಿಗೆ ಬಾಗಿಲು ಹಾಕುವುದು ಸುಲಭ, ಒಂದು ಆದೇಶ ಸಾಕು. ಗುಡ್ಡ ಕಡಿದು ರಸ್ತೆ ಮಾಡಿದ ಮೇಲೆ ಆ ಗುಡ್ಡವನ್ನು ಮತ್ತೆ ಜೋಡಿಸಲು ಯಾವ ಆದೇಶಕ್ಕೂ ಆಗುವುದಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು ಕಡೆ ಗುಡ್ಡಗಳು ಕುಸಿದು ಮನೆ, ತೋಟ ಕೊಚ್ಚಿಹೋದದ್ದನ್ನು ಕಂಡ ಜಿಲ್ಲೆಯಿದು. ಆ ಊರುಗಳೆಲ್ಲ ಮಾಂದಲ್‌ಪಟ್ಟಿಯ ಸುತ್ತಮುತ್ತಲೇ ಇರುವುದು. ಅಲ್ಲಿಗೆ ಹೋಗುವವರು ಮೋಡದ ಫೋಟೊ ತೆಗೆಯುವಾಗ ಕೆಳಗಿನ ಇಳಿಜಾರನ್ನೂ ಒಮ್ಮೆ ನೋಡಲಿ.

ಬೆಟ್ಟ ಹಾಳಾಗುವುದರಲ್ಲಿ ಹೋಂಸ್ಟೇಯವರಾದ ನಾವೂ ಪಾಲುದಾರರು. ಅತಿಥಿಗೆ ಬೆಟ್ಟದ ಹೆಸರು ಹೇಳಿ ಕಳಿಸಿದರೆ ನಮ್ಮ ಕೆಲಸ ಮುಗಿಯಿತೆಂದುಕೊಳ್ಳುತ್ತೇವೆ. ಅವರ ಬ್ಯಾಗಿನಲ್ಲಿ ಹೋದ ಬಾಟಲಿ ವಾಪಸು ಬಂತೇ ಎಂದು ನೋಡುವವರು ಕಡಿಮೆ. ಇಲ್ಲಿಯ ನೀರು ಕಕ್ಕಬ್ಬೆ ಹೊಳೆಗೆ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ಕಾವೇರಿ ನೀರು ಕುಡಿದು ಬೆಳೆದವರೇ ಇಲ್ಲಿಗೆ ಬಂದು ಬಾಟಲಿ ಎಸೆಯುತ್ತಾರೆ ಎಂಬುದು ಬೇರೆ ಮಾತು.

ಮಾಂದಲ್‌ಪಟ್ಟಿಯಲ್ಲಿ ಜೀಪುಗಳ ಸಂಖ್ಯೆ, ಬಾಡಿಗೆ, ಓಡಾಟದ ಹೊತ್ತು ಮೂರನ್ನೂ ಜಿಲ್ಲಾಡಳಿತ ಬಿಗಿಯಾಗಿ ಹಿಡಿಯಲಿ. ಹಾಗೆಂದು ಜೀಪನ್ನೇ ನಿಲ್ಲಿಸುವುದು ಬೇಡ, ಅದನ್ನು ನಂಬಿ ಬದುಕುವ ಮನೆಗಳಿವೆ. ತಡಿಯಂಡಮೋಳ್‌ಗೆ ಬೇಕಾದದ್ದು ರಸ್ತೆಯಲ್ಲ. ಬುಡದಲ್ಲಿ ಹೆಂಗಸರು ಧೈರ್ಯವಾಗಿ ಬಳಸಬಹುದಾದ ಒಂದು ಶೌಚಾಲಯ, ಚೆಕ್‌ಪೋಸ್ಟಿನಲ್ಲಿ ಬಾಟಲಿ ಎಣಿಸಿ ಒಳಗೆ ಬಿಟ್ಟು, ಇಳಿಯುವಾಗ ಮತ್ತೆ ಎಣಿಸುವ ಇಬ್ಬರು ಸಿಬ್ಬಂದಿ.