ಕೈಗೆಟುಕದ ಕವಾಟ

1997ರ ಅಕ್ಟೋಬರ್ 12ರಂದು ಸ್ಯಾನ್ ಫ್ರಾನ್ಸಿಸ್ಕೊದ ದಕ್ಷಿಣಕ್ಕಿರುವ ಮಾಂಟೆರೆ ಕೊಲ್ಲಿಯಲ್ಲಿ ಗಾಯಕ ಜಾನ್ ಡೆನ್ವರ್ ಅವರ ಲಾಂಗ್-ಈಝಿ ವಿಮಾನ ಬಿದ್ದಿತು. ಹವ್ಯಾಸಿಯೊಬ್ಬರು ಕಟ್ಟಿ, ಬಳಿಕ ಕೈ ಬದಲಾದ ವಿಮಾನವದು. ಅದರ ವಿನ್ಯಾಸಕ ಬರ್ಟ್ ರೂಟನ್ ಅವರ ನಕ್ಷೆಯಲ್ಲಿ ಇಂಧನ ಕವಾಟ ಪೈಲಟ್‌ನ ಕಾಲುಗಳ ನಡುವೆ ಇತ್ತು. ಕಟ್ಟಿದವರು ಅದನ್ನು ಎಡಭುಜದ ಹಿಂದಕ್ಕೆ ಒಯ್ದಿದ್ದರು. ಹಿಡಿಕೆಗೆ ಗುರುತೂ ಇರಲಿಲ್ಲ. ಟ್ಯಾಂಕ್ ಬದಲಿಸಲು ಮೈ ತಿರುಚಬೇಕು. ತಿರುಚಿದರೆ ಬಲಗಾಲು ತಾನಾಗಿ, ವಿಮಾನವನ್ನು ತಿರುಗಿಸುವ ರಡ್ಡರ್ ಪೆಡಲ್ ಒತ್ತುತ್ತದೆ.

ಬದಲಾವಣೆಯ ಹಿಂದೆ ಕೆಟ್ಟ ಉದ್ದೇಶವೇನೂ ಇರಲಿಲ್ಲ, ಕಾಕ್‌ಪಿಟ್‌ನೊಳಗೆ ಇಂಧನ ಕೊಳವೆ ಬೇಡವೆಂಬ ಎಚ್ಚರ ಅಷ್ಟೆ. ಅದೇ ನಮ್ಮನ್ನು ಕಾಡುತ್ತದೆ. ಇಂದು ಗ್ಯಾರೇಜಿನಲ್ಲಿ ಕಿಟ್ ವಿಮಾನ ಜೋಡಿಸುತ್ತಿರುವವರು ಒಂದು ಪೈಪ್ ಸರಿಸುವ ಮುನ್ನವೂ ಬೆಲ್ಟ್ ಬಿಗಿದು ಕುಳಿತು, ಕಣ್ಣು ಮುಚ್ಚಿ ಕೈ ಚಾಚಿ ನೋಡಲಿ. ಡೆನ್ವರ್ ಹೊರಡುವ ಮುನ್ನ, ಹಿಂದಿದ್ದ ಇಂಧನ ಮಾಪಕ ಕಾಣಲೆಂದು ತಂತ್ರಜ್ಞರೊಬ್ಬರು ಅವರ ಕೈಗೆ ಪುಟ್ಟ ಕನ್ನಡಿ ಕೊಟ್ಟಿದ್ದರು.