ಮನೆಯಲ್ಲಿ ಕಲಿಯುವ ಮಗು ಲೆಕ್ಕಕ್ಕೂ ಸಿಗಲಿ, ಶಾಲೆಗೂ ಬರಲಿ

ಓದು ಬಲ್ಲ, ಪುರುಸೊತ್ತಿರುವ ಪೋಷಕರಿಗೆ ಐದನೇ ತರಗತಿವರೆಗಿನ ಪಾಠವನ್ನು ಮನೆಯಲ್ಲೇ ಹೇಳಿಕೊಡುವುದು ದೊಡ್ಡ ಕಷ್ಟವಲ್ಲ. ಕಷ್ಟ ಶುರುವಾಗುವುದು ಆರನೇ ತರಗತಿಯಿಂದ. ಬೀಜಗಣಿತ ಬರುತ್ತದೆ, ಆಮ್ಲ–ಪ್ರತ್ಯಾಮ್ಲ ಬರುತ್ತದೆ, ಮೂರನೇ ಭಾಷೆ ಬರುತ್ತದೆ. ಅದೇ ಹೊತ್ತಿಗೆ ಮಗುವಿಗೆ ಅಪ್ಪ ಅಮ್ಮನ ಮಾತಿಗಿಂತ ಓರಗೆಯವರ ಮಾತು ರುಚಿಸತೊಡಗುತ್ತದೆ. ಹೋಮ್‌ಸ್ಕೂಲಿಂಗ್ ಆರಿಸಿಕೊಂಡ ಕುಟುಂಬಗಳಿಗೆ ಆರರಿಂದ ಎಂಟನೇ ತರಗತಿಯ ಈ ಮೂರು ವರ್ಷಗಳಲ್ಲಿ ಪಠ್ಯದ ಕೊರತೆಯೇನೂ ಕಾಡುವುದಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳೂ ಎನ್‌ಸಿಇಆರ್‌ಟಿ ಪುಸ್ತಕಗಳೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಸಿಗದಿರುವುದು ಪ್ರಯೋಗಾಲಯ, ಆಟದ ತಂಡ, ಅಮ್ಮನಲ್ಲದ ಇನ್ನೊಬ್ಬ ಮೇಷ್ಟ್ರು.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದರ 10ನೇ ಸೆಕ್ಷನ್ ಹೇಳುತ್ತದೆ. ಸೇರಿಸದ ಪೋಷಕರಿಗೆ ದಂಡವನ್ನೇನೂ ವಿಧಿಸುವುದಿಲ್ಲ. ಸ್ವಇಚ್ಛೆಯಿಂದ ಮನೆಯಲ್ಲಿ ಕಲಿಸುವವರಿಗೆ ಕಾಯ್ದೆ ಅಡ್ಡಿಯಲ್ಲ ಎಂದು ಕೇಂದ್ರ ಸರ್ಕಾರ 2012ರಲ್ಲಿ ದೆಹಲಿ ಹೈಕೋರ್ಟ್‌ಗೆ ಪ್ರಮಾಣಪತ್ರ ಸಲ್ಲಿಸಿತ್ತು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್) ಮೂಲ ಶಿಕ್ಷಣದ ‘ಸಿ’ ಹಂತ ಎಂಟನೇ ತರಗತಿಗೆ ಸಮಾನ. 14 ತುಂಬಿದವರು ಅಲ್ಲೇ ಹತ್ತನೇ ತರಗತಿಯ ಪರೀಕ್ಷೆಗೂ ಹೆಸರು ನೋಂದಾಯಿಸಬಹುದು. ಅಂದರೆ ಮನೆಶಿಕ್ಷಣವನ್ನು ಯಾರೂ ತಡೆಯುವುದಿಲ್ಲ. ಆದರೆ ಆ ಮಗು ಎಲ್ಲಿದೆ, ಏನು ಕಲಿಯುತ್ತಿದೆ ಎಂದು ಯಾರೂ ಕೇಳುವುದೂ ಇಲ್ಲ.

ನನಗೆ ಆತಂಕ ಹುಟ್ಟಿಸುವುದು ಹೀಗೆ ಯಾರೂ ಕೇಳದಿರುವುದೇ. ಶಾಲೆಗೆ ಸೇರಿದ ಮಗುವಿಗೆ ಇಲಾಖೆಯ ವಿದ್ಯಾರ್ಥಿ ದಾಖಲೆಯ (ಎಸ್‌ಎಟಿಎಸ್) ಸಂಖ್ಯೆ ಇರುತ್ತದೆ, ಹಾಜರಿ ಇರುತ್ತದೆ. ಸೇರದ ಮಕ್ಕಳ ವಿಷಯಕ್ಕೆ ಬಂದರೆ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ದೂರದರ್ಶಕ ಕಟ್ಟುತ್ತಿರುವ ಹುಡುಗನೂ, ಇಟ್ಟಿಗೆ ಭಟ್ಟಿಯಲ್ಲಿ ದುಡಿಯುತ್ತಿರುವ ಹುಡುಗನೂ, ತಮ್ಮನನ್ನು ಎತ್ತಿಕೊಂಡು ಮನೆಗೆಲಸ ಮಾಡುತ್ತಿರುವ ಹುಡುಗಿಯೂ ಸರ್ಕಾರಿ ಲೆಕ್ಕದಲ್ಲಿ ಒಂದೇ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿದರೂ, ಶಾಲಾ ಅವಧಿಯ ನಂತರ ಮತ್ತು ರಜೆಯಲ್ಲಿ ಕುಟುಂಬದ ಕಸುಬಿಗೆ ನೆರವಾಗಲು ಬಿಟ್ಟಿದೆ. ಶಾಲೆಯೇ ಇಲ್ಲದ ಮಗುವಿಗೆ ಶಾಲಾ ಅವಧಿ ಯಾವುದು? ಹೆಣ್ಣುಮಕ್ಕಳನ್ನು ಶಾಲೆ ಬಿಡಿಸುವ, ಮದುವೆಯ ಮಾತು ತೆಗೆಯುವ ವಯಸ್ಸು ಕೂಡ ಈ ಹೈಸ್ಕೂಲಿನ ಹೊಸ್ತಿಲೇ. ‘ಮನೆಯಲ್ಲೇ ಓದಿಸುತ್ತಿದ್ದೇವೆ’ ಎಂಬ ಮಾತು ಪ್ರಾಮಾಣಿಕ ಪೋಷಕರಿಗೆ ಎಷ್ಟು ಸಲೀಸೋ, ಮಗಳನ್ನು ಮನೆಯಲ್ಲಿ ಕೂರಿಸಿದವರಿಗೂ ಅಷ್ಟೇ ಸಲೀಸು.

ಆದ್ದರಿಂದ ಹೋಮ್‌ಸ್ಕೂಲಿಂಗ್ ಕುಟುಂಬಗಳು ನೋಂದಣಿಗೆ ಹೆದರಬಾರದು, ಅದನ್ನು ತಾವೇ ಕೇಳಬೇಕು. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ಒಂದು ನೋಂದಣಿ ಪುಸ್ತಕ ಇರಲಿ. ವರ್ಷಕ್ಕೆ ಎರಡು ಬಾರಿ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಬಂದು ಮಗುವಿನೊಂದಿಗೆ ಮಾತನಾಡಲಿ, ಪರೀಕ್ಷೆ ನಡೆಸುವುದು ಬೇಡ. ಏನು ಓದಿದೆ, ಯಾರ ಜೊತೆ ಆಡುತ್ತೀಯ, ಶಾಲೆಗೆ ಹೋಗಬೇಕು ಅನಿಸುತ್ತದೆಯೇ? ಕೊನೆಯ ಪ್ರಶ್ನೆಯನ್ನು ತಂದೆತಾಯಿ ಎದುರಿಗಿಲ್ಲದಾಗ ಕೇಳಬೇಕು. ಹದಿಮೂರರ ಮಗುವಿಗೆ ಅದರದೇ ಉತ್ತರ ಇರುತ್ತದೆ. ವಯಸ್ಸಿಗೆ ತಕ್ಕ ತರಗತಿಗೆ ಪ್ರವೇಶ ಪರೀಕ್ಷೆಯಿಲ್ಲದೆ ಸೇರುವ ಹಕ್ಕನ್ನು ಕಾಯ್ದೆ ಕೊಟ್ಟಿರುವುದು 6ರಿಂದ 14ರ ವಯಸ್ಸಿನವರಿಗೆ ಮಾತ್ರ. ಆಸೆ ಹೇಳಿಕೊಳ್ಳಲು ತಡವಾದರೆ ಹಕ್ಕೂ ಕೈತಪ್ಪುತ್ತದೆ.

ನೋಂದಣಿಗೆ ಪ್ರತಿಯಾಗಿ ಸರ್ಕಾರವೂ ಏನಾದರೂ ಕೊಡಬೇಕು. ಈ ವಯಸ್ಸಿನ ವಿಜ್ಞಾನ ಹೇಗಿರಬೇಕೆಂದು ದೇಶಕ್ಕೆ ತೋರಿಸಿದ್ದು ಮಧ್ಯಪ್ರದೇಶದ ಹೋಶಂಗಾಬಾದ್ ಪ್ರಯೋಗ. 1972ರಲ್ಲಿ 16 ಹಳ್ಳಿ ಶಾಲೆಗಳಲ್ಲಿ ಶುರುವಾಗಿ 2002ರಲ್ಲಿ ಸರ್ಕಾರವೇ ನಿಲ್ಲಿಸುವವರೆಗೂ, ಆರರಿಂದ ಎಂಟನೇ ತರಗತಿಯ ಮಕ್ಕಳು ಗುಂಪುಗಳಲ್ಲಿ ಕೂತು ಅಗ್ಗದ ಸಾಮಗ್ರಿಯಿಂದ ಪ್ರಯೋಗ ಮಾಡಿ, ಬಂದ ಫಲಿತಾಂಶದ ಮೇಲೆ ಜಗಳಾಡಿ ಕಲಿತರು. ಒಬ್ಬನ ಅಳತೆ ಇನ್ನೊಬ್ಬನದಕ್ಕೆ ಹೊಂದದಿದ್ದಾಗ ಹುಟ್ಟುವ ವಾದವೇ ಅಲ್ಲಿ ಪಾಠವಾಗುತ್ತಿತ್ತು. ಮನೆಯಲ್ಲಿ ಒಂಟಿಯಾಗಿರುವ ಮಗುವಿಗೆ ಕಿಟ್ ತಂದುಕೊಡಬಹುದು, ವಾದಕ್ಕೆ ನಿಲ್ಲುವ ಗೆಳೆಯನನ್ನು ಎಲ್ಲಿಂದ ತರುವುದು?

ವಾರಕ್ಕೆ ಎರಡು ದಿನ ಹತ್ತಿರದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಪ್ರಯೋಗ, ಆಟ, ಕನ್ನಡ ತರಗತಿಗೆ ಈ ಮಕ್ಕಳು ಬರುವಂತಾಗಲಿ. ಕನ್ನಡವನ್ನು ಬೇಕೆಂದೇ ಸೇರಿಸಿದ್ದೇನೆ. ನಗರದ ಮನೆಶಿಕ್ಷಣ ಬಹುಪಾಲು ಇಂಗ್ಲಿಷಿನಲ್ಲೇ ನಡೆಯುತ್ತದೆ, ನೆರೆಮನೆಯ ಭಾಷೆ ಮಗುವಿನ ಕಿವಿಗೆ ಬೀಳುವುದೇ ಕಡಿಮೆ. ಶಿಕ್ಷಕರೇ ಸಾಲದಿರುವಾಗ ಇದೇಕೆ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಮನೆಯಲ್ಲಿ ಕಲಿಸುವ ತಾಯಂದಿರಲ್ಲಿ ಕೆಲಸ ಬಿಟ್ಟು ಬಂದ ಎಂಜಿನಿಯರುಗಳಿದ್ದಾರೆ, ಸಂಗೀತ ಬಲ್ಲವರಿದ್ದಾರೆ. (ಕೆಲಸ ಬಿಡುವವರು ಬಹುತೇಕ ತಾಯಂದಿರೇ ಎಂಬುದನ್ನು ಹೋಮ್‌ಸ್ಕೂಲಿಂಗ್ ಬಗ್ಗೆ ಉತ್ಸಾಹದಿಂದ ಮಾತನಾಡುವ ತಂದೆಯರು ಮರೆಯಬಾರದು.) ಅವರು ಅದೇ ಶಾಲೆಯಲ್ಲಿ ವಾರಕ್ಕೆ ಎರಡು ತಾಸು ಕಲಿಸಿದರೆ ಗಣಿತದ ಮೇಷ್ಟ್ರಿಲ್ಲದ ತರಗತಿಗೂ ಲಾಭ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಇದನ್ನು ಹೊಂದಿಸಬಹುದು.

ಪ್ರತಿಭಾ ಕಾರಂಜಿ, ಇನ್‌ಸ್ಪೈರ್ ಮಾನಕ್ ಪ್ರಶಸ್ತಿ, ಶಾಲಾ ಕ್ರೀಡಾಕೂಟ ಎಲ್ಲಕ್ಕೂ ಹೆಸರು ಕಳಿಸಬೇಕಾದದ್ದು ಶಾಲೆ. ನೋಂದಾಯಿತ ಮಗುವಿನ ಹೆಸರನ್ನು ಕ್ಲಸ್ಟರಿನ ಮೂಲಕ ಕಳಿಸಲು ಅವಕಾಶ ಕೊಡುವುದು ಇಲಾಖೆ ಮೊದಲು ಮಾಡಬಹುದಾದ ಕೆಲಸ. ಮುಂದಿನ ಶೈಕ್ಷಣಿಕ ವರ್ಷಕ್ಕೆ ಶಾಲೆ ತೆರೆಯುವ ಮೊದಲೇ ಬೆಂಗಳೂರಿನ ಒಂದೆರಡು ಬ್ಲಾಕ್‌ಗಳಲ್ಲಾದರೂ ಇದನ್ನು ಮಾಡಿ ನೋಡಬೇಕು.