ಹಿಡಕಲ್ ನೀರಿಗೆ ಪುಟ್ಟ ಹಾಯಿಗಳು

ಹಾಯಿದೋಣಿ ಪಂದ್ಯವೆಂದರೆ ಕಡಲತೀರದ ಸಿರಿವಂತರ ವಿನೋದ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ಬಾಲಕಿಯರ ಐಎಲ್‌ಸಿಎ-4 ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಅದನ್ನು ಸುಳ್ಳಾಗಿಸಿದರು. ಅವರು ಕಡಲೇ ಇಲ್ಲದ ಮಧ್ಯಪ್ರದೇಶದ ರೈತನ ಮಗಳು. ತರಬೇತಿ ಪಡೆದದ್ದು ಭೋಪಾಲದ ಕೆರೆಯಲ್ಲಿ.

ಇದರಲ್ಲಿ ದೋಣಿಯ ವಿನ್ಯಾಸದ ಪಾಲೂ ಇದೆ. ಇಂಥ ಪಂದ್ಯದೋಣಿಗಳ ಪ್ರತಿ ವರ್ಗಕ್ಕೂ ಒಡಲಿನ ಆಕಾರ, ತೂಕ, ಹಾಯಿಯ ಅಳತೆ ನಿಗದಿಯಾಗಿರುತ್ತವೆ. ಹಣ ಸುರಿದು ಹೆಚ್ಚು ವೇಗದ ದೋಣಿ ಕಟ್ಟಿಸಿಕೊಳ್ಳುವಂತಿಲ್ಲ. ಗಾಳಿಯ ಜಾಡು ಬಲ್ಲವರದೇ ಗೆಲುವು. 1947ರಲ್ಲಿ ಅಮೆರಿಕದ ಕ್ಲಾರ್ಕ್ ಮಿಲ್ಸ್ ಮಕ್ಕಳಿಗೆಂದೇ ರೂಪಿಸಿದ ಆಪ್ಟಿಮಿಸ್ಟ್‌ನ ಉದ್ದ 2.36 ಮೀಟರ್, ಒಡಲಿನ ತೂಕ 35 ಕಿಲೊ. ಮೂತಿ ಮೊಂಡು, ತಳ ಚಪ್ಪಟೆ, ಸುಲಭವಾಗಿ ಮಗುಚದು. ಮಗುಚಿದರೂ ಒಳಗಿನ ಗಾಳಿಚೀಲಗಳು ಮುಳುಗಗೊಡವು. ಬ್ರೂಸ್ ಕರ್ಬಿ ವಿನ್ಯಾಸಗೊಳಿಸಿದ ಲೇಸರ್, ಅಂದರೆ ಇಂದಿನ ಐಎಲ್‌ಸಿಎಯ ಜಾಣ್ಮೆ ಬೇರೆ ಬಗೆಯದು. 4.2 ಮೀಟರಿನ ಒಡಲು ಒಂದೇ; ನಡೆಸುವವರ ಮೈತೂಕಕ್ಕೆ ತಕ್ಕಂತೆ ಕೂವೆಮರದ ಕೆಳತುಂಡು ಮತ್ತು ಹಾಯಿ ಮಾತ್ರ ಬದಲಾಗುತ್ತವೆ. ನೇಹಾ ಬಳಸಿದ್ದು 4.7 ಚದರ ಮೀಟರಿನ ಹಾಯಿ. ಒಲಿಂಪಿಕ್ಸ್‌ನಲ್ಲಿ ಪುರುಷರು ಬಳಸುವುದು ಸುಮಾರು 7 ಚದರ ಮೀಟರಿನದು.

ಈ ಲೆಕ್ಕ ನನಗೆ ಮುಖ್ಯವೆನಿಸುವುದು ಬೆಳಗಾವಿ ಜಿಲ್ಲೆಯ ಕಾರಣಕ್ಕೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯದ ಸಾಮರ್ಥ್ಯ 51 ಟಿಎಂಸಿ ಅಡಿ. ಆ ನೀರು ಈ ಸೀಮೆಯ ಕಬ್ಬಿಗೆ ಗೊತ್ತು, ಮಕ್ಕಳಿಗೆ ಗೊತ್ತಿಲ್ಲ. ನಾಗನೂರಿನ ಮಗುವಿಗೆ ನಾವು ಕಲಿಸುವುದು ನೀರಿನ ಹತ್ತಿರ ಹೋಗಬೇಡ ಎಂಬ ಒಂದೇ ಪಾಠ. ಹೆತ್ತವರ ಭಯ ನಿಜವಾದದ್ದು. ಆದರೆ ಭಯ ಯಾರಿಗೂ ಈಜು ಕಲಿಸದು.

ಬೇಸಿಗೆಯಲ್ಲಿ ನೀರು ಇಳಿಯುತ್ತದಲ್ಲ ಎಂದು ಕೇಳಬಹುದು. ಆಪ್ಟಿಮಿಸ್ಟ್‌ನ ನಡುಹಲಗೆಯನ್ನು ಮೇಲೆತ್ತಿದರೆ ಅದು ಮೊಣಕಾಲುದ್ದದ ನೀರಿನಲ್ಲೂ ತೇಲುತ್ತದೆ. ಇಬ್ಬರು ಎತ್ತಿ ನೀರಿಗಿಳಿಸಬಹುದು, ಧಕ್ಕೆ ಬೇಕಿಲ್ಲ. ಡೀಸೆಲ್ ಬೇಡದ ಈ ದೋಣಿ ಕುಡಿಯುವ ನೀರನ್ನೂ ಕೆಡಿಸದು. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಹಾಯಿದೋಣಿ ಪಂದ್ಯಗಳು ನಡೆದಿವೆ, ಹಿಡಕಲ್‌ನಲ್ಲಿ ಏಕಾಗದು?

ಕ್ರೀಡಾ ಇಲಾಖೆಯೂ ಜಲಸಂಪನ್ಮೂಲ ಇಲಾಖೆಯೂ ಸೇರಿ ಆರು ಆಪ್ಟಿಮಿಸ್ಟ್‌ಗಳೊಂದಿಗೆ ಒಂದು ಹಂಗಾಮು ಪ್ರಯೋಗ ಮಾಡಲಿ. ಮೊದಲು ಈಜು, ಆಮೇಲೆ ಹಾಯಿ. ಮೈಮೇಲೆ ಜೀವರಕ್ಷಕ ಕವಚ, ಪಕ್ಕದಲ್ಲಿ ರಕ್ಷಣಾ ದೋಣಿ ಕಡ್ಡಾಯವಾಗಿರಲಿ. ಪದಕ ಬಂದರೆ ಸಂತೋಷ. ಬಾರದಿದ್ದರೂ ನೀರನ್ನು ಬಲ್ಲ ಒಂದು ತಲೆಮಾರು ನಮ್ಮದಾಗುತ್ತದೆ.